ಉಂಡದ್ದೆಲ್ಲ ತಲೆಗೇ ಹೋಯಿತು!

ಒಂದು ಪ್ರಶ್ನೆ. ಹೆಚ್ಚು ಯೋಚಿಸಬೇಡಿ, ಥಟ್ಟನೆ ಹೇಳಿ.

ಮನುಷ್ಯನ ಮೆದುಳಿಗೆ ಜೀವಮಾನದಲ್ಲೇ ಅತಿ ಹೆಚ್ಚು ಹಸಿವಾಗುವುದು ಯಾವ ವಯಸ್ಸಿನಲ್ಲಿ?

ಸಿಇಟಿಗೆಂದು ನಿದ್ದೆಗೆಟ್ಟು ಓದುವ ಹದಿನೇಳರಲ್ಲಾ? ಹಗಲಿರುಳು ಕಂಪ್ಯೂಟರ್ ಮುಂದೆ ಕೂರುವ ಇಪ್ಪತ್ತೈದರಲ್ಲಾ? ಮನೆ, ಸಾಲ, ಕಚೇರಿ ಎಲ್ಲವನ್ನೂ ತೂಗಿಸಬೇಕಾದ ನಲವತ್ತರಲ್ಲಾ?

ಯಾವುದೂ ಅಲ್ಲ! ಐದರ ಆಸುಪಾಸಿನಲ್ಲಿ! ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಸಿಕ್ಕಿಸಿಕೊಂಡು ಓಡುವ ಪೋರ ಇದ್ದಾನಲ್ಲ, ಅವನ ತಲೆಯಲ್ಲಿ!

ಎಷ್ಟು ಹಸಿವು? ಊಹಿಸಿ. ದೊಡ್ಡವರು ಸುಮ್ಮನೆ ಕೂತಿದ್ದಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಪಾಲು ಮೆದುಳಿಗೆ. ಒಂದೂವರೆ ಕಿಲೋ ಕೂಡ ತೂಗದ ಅಂಗಕ್ಕೆ ಇಷ್ಟೊಂದು ಖರ್ಚು. ಹಾಗಾದರೆ ಆ ಪೋರನ ಮೆದುಳಿಗೆ? ಶೇಕಡಾ 30? ಮೇಲೆ ಹೋಗಿ. 40? ಇನ್ನೂ ಮೇಲೆ. 50? ಇನ್ನೂ!

ಶೇಕಡಾ 66! ಮೂರರಲ್ಲಿ ಎರಡು ಪಾಲು! ಓಟ, ಕುಣಿತ, ಹಟದ ಖರ್ಚನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೂ ಶೇಕಡಾ 40ಕ್ಕಿಂತ ಹೆಚ್ಚು!

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಕುಜಾವಾ ಮತ್ತು ಸಂಗಡಿಗರು 2014ರಲ್ಲಿ ಈ ಲೆಕ್ಕ ಹಾಕಿದರು. ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು. ಮೆದುಳು ಹೀಗೆ ಬಕಾಸುರನಾಗುವ ಹೊತ್ತಿನಲ್ಲೇ ಮೈಯ ಬೆಳವಣಿಗೆ ಅತ್ಯಂತ ನಿಧಾನ! ಒಳಗೆ ಇರುವುದೇ ಅಷ್ಟು ಇಂಧನ. ತಲೆ ಮೊದಲು, ಮೈ ಆಮೇಲೆ. "ಎಷ್ಟು ತಿಂದರೂ ಮೈ ಹಿಡಿಯಲ್ಲ, ಉಂಡದ್ದೆಲ್ಲ ಎಲ್ಲಿ ಹೋಗುತ್ತೋ" ಎಂದು ಪೇಚಾಡುವ ಅಜ್ಜಿಯರೇ, ಉತ್ತರ ಸಿಕ್ಕಿತಲ್ಲ?

ಇಷ್ಟೆಲ್ಲ ತಿಂದು ಆ ಮೆದುಳು ಮಾಡುವುದಾದರೂ ಏನು? ಕಟ್ಟುತ್ತದೆ. ಕೆಡವುತ್ತದೆ. ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕಟ್ಟಿ, ಆಮೇಲೆ ಕೈಯಾರೆ ಕೆಡವುತ್ತದೆ! ಅದರ ಕಸುಬಿನ ಗುಟ್ಟೇ ಇದು. ಈ ಹುಚ್ಚಾಟ ಶುರುವಾಗುವುದು ಎಲ್ಲಿಂದ ಗೊತ್ತೇ?

ಅಮ್ಮನಿಗೆ ಇನ್ನೂ ಸುದ್ದಿಯೇ ತಿಳಿಯದ ದಿನಗಳಿಂದ!

ಗರ್ಭ ಕಟ್ಟಿ ಮೂರು ವಾರ. ಭ್ರೂಣದ ಬೆನ್ನಿನ ಮೇಲೊಂದು ಚಪ್ಪಟೆ ಪದರ. ಅದು ಮಡಚಿಕೊಳ್ಳುತ್ತದೆ, ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕೊಳವೆಯಾಗುತ್ತದೆ. ಸುಮಾರು 28ನೇ ದಿನಕ್ಕೆ ಎರಡೂ ತುದಿ ಬಂದ್! ಆಗ ಇಡೀ ಜೀವದ ಉದ್ದ ಐದು ಮಿಲಿಮೀಟರಿನ ಆಸುಪಾಸು. ಆ ಕೊಳವೆಯ ಒಂದು ತುದಿ ಊದಿಕೊಂಡು ಮೆದುಳು, ಉಳಿದದ್ದು ಬೆನ್ನುಹುರಿ. ಎಷ್ಟೋ ತಾಯಂದಿರಿಗೆ ಮುಟ್ಟು ತಪ್ಪಿದ್ದು ಗಮನಕ್ಕೆ ಬರುವಷ್ಟರಲ್ಲಿ ಈ ಕೆಲಸ ಮುಗಿಯುತ್ತ ಬಂದಿರುತ್ತದೆ. ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ ಶುರು ಮಾಡಿ ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕೇ. ಆ ಕೊಳವೆ ಸರಿಯಾಗಿ ಮುಚ್ಚಲು ಅದು ಬೇಕು.

ಆಮೇಲೆ ನರಕೋಶಗಳ ಸುಗ್ಗಿ!

ದೊಡ್ಡವರ ಮೆದುಳಿನಲ್ಲಿ ನರಕೋಶಗಳು ಎಷ್ಟು? ಹತ್ತು ಸಾವಿರ ಕೋಟಿ ಎಂದಿರಾ? ಪುಸ್ತಕಗಳೂ ಬಹುಕಾಲ ಹಾಗೇ ಬರೆದವು. ಯಾರೂ ಸರಿಯಾಗಿ ಎಣಿಸಿರಲಿಲ್ಲ! ಕೊನೆಗೆ ಎಣಿಸಿದವರು ಬ್ರೆಜಿಲ್‌ನ ಸುಜಾನಾ ಹೆರ್ಕುಲಾನೊ-ಹೌಜೆಲ್ ಮತ್ತು ಸಂಗಡಿಗರು. ಹೇಗೆ? ಮೆದುಳನ್ನು ಕರಗಿಸಿ ಸಾರು ಮಾಡಿ! ಹೌದು, ಸಾರು! ಆ ದ್ರವದಲ್ಲಿ ತೇಲುವ ಕೋಶಕೇಂದ್ರಗಳಿಗೆ ಬಣ್ಣ ಕಟ್ಟಿ, ಚೆನ್ನಾಗಿ ಕಲಕಿ, ಹನಿ ತೆಗೆದು ಎಣಿಸಿದರು. 2009ರಲ್ಲಿ ಬಂದ ಲೆಕ್ಕ: 8,600 ಕೋಟಿ. ಇದರಲ್ಲಿ 6,900 ಕೋಟಿ ಇರುವುದು ತಲೆಯ ಹಿಂಬದಿಯ ಪುಟ್ಟ ಕಿರುಮೆದುಳಿನಲ್ಲೇ!

ಈ 8,600 ಕೋಟಿಯನ್ನು ಗರ್ಭವಾಸದ ಅವಧಿಗೆ ಹಂಚಿ ನೋಡಿ. ನಿಮಿಷಕ್ಕೆ ಎಷ್ಟು ಬೀಳುತ್ತದೆ? ಸಾವಿರ? ಹತ್ತು ಸಾವಿರ?

ಎರಡು ಲಕ್ಷಕ್ಕೂ ಹೆಚ್ಚು! ನಿಮಿಷಕ್ಕೆ! ಹಗಲೂ ರಾತ್ರಿ! (ಇದು ಒರಟು ಲೆಕ್ಕ. ಕೆಲಸ ಒಂದೇ ವೇಗದಲ್ಲಿ ನಡೆಯುವುದಿಲ್ಲ, ಕಿರುಮೆದುಳಿನ ಪಾಲು ಹುಟ್ಟಿದ ಮೇಲೂ ಮುಂದುವರಿಯುತ್ತದೆ. ಆದರೂ!)

ಹುಟ್ಟಿದ ಕೋಶಗಳು ಹುಟ್ಟಿದಲ್ಲೇ ಕೂರುವುದೂ ಇಲ್ಲ. ಹೊರಡುತ್ತವೆ! ಒಳಗಿನಿಂದ ಹೊರಮೈವರೆಗೆ ತೆಳ್ಳನೆಯ ಎಳೆಗಳು ಚಾಚಿಕೊಂಡಿರುತ್ತವೆ. ನರಕೋಶ ಆ ಎಳೆಯನ್ನು ತಬ್ಬಿಕೊಂಡು ತೆವಳುತ್ತ ಮೇಲೇರುತ್ತದೆ. ಮೊದಲು ಬಂದದ್ದು ಕೆಳಗಿನ ಅಂತಸ್ತಿನಲ್ಲಿ ಕೂರುತ್ತದೆ, ತಡವಾಗಿ ಬಂದದ್ದು ಅದನ್ನು ದಾಟಿ ಅದರ ಮೇಲೆ. ಪಾಸ್ಕೊ ರಾಕಿಚ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಈ ಏರಾಟವನ್ನು ಸೂಕ್ಷ್ಮದರ್ಶಕದಲ್ಲಿ ಬಿಡಿಸಿ ತೋರಿಸಿದರು.

ಇಷ್ಟು ಪಾಡು ಪಟ್ಟು ಬಂದವುಗಳ ಗತಿ? ಎದೆ ಗಟ್ಟಿ ಮಾಡಿಕೊಳ್ಳಿ. ನರಮಂಡಲದ ಎಷ್ಟೋ ಭಾಗಗಳಲ್ಲಿ ಅರ್ಧದಷ್ಟು ಕೋಶಗಳು ಬೆಳೆಯುವ ಹಂತದಲ್ಲೇ ಸಾಯುತ್ತವೆ! ರೋಗವಿಲ್ಲ, ಪೆಟ್ಟಿಲ್ಲ. ಸಾಯುವುದೇ ಯೋಜನೆ!

ಈ ಸಾವಿನ ಬೆನ್ನು ಹತ್ತಿದವರ ಕಥೆ ಕೇಳಿ. ಊರು ಇಟಲಿಯ ಟ್ಯೂರಿನ್. ಹೆಸರು ರೀಟಾ ಲೆವಿ-ಮೊಂತಾಲ್ಚಿನಿ. ಯಹೂದಿ ಎಂಬ ಕಾರಣಕ್ಕೆ ಮುಸೊಲಿನಿಯ 1938ರ ಜನಾಂಗ ಕಾನೂನು ಆಕೆಯನ್ನು ವಿಶ್ವವಿದ್ಯಾಲಯದಿಂದ ಹೊರದಬ್ಬಿತು. ಆಕೆ ಏನು ಮಾಡಿದರು? ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು! ಹೊಲಿಗೆ ಸೂಜಿಯನ್ನು ಮಸೆದು ಶಸ್ತ್ರ ಮಾಡಿಕೊಂಡರು! ಕೋಳಿಮೊಟ್ಟೆಯೊಳಗಿನ ಭ್ರೂಣವೇ ಅವರ ಪ್ರಪಂಚ. ಬಾಂಬ್ ಬೀಳತೊಡಗಿದಾಗ ಹಳ್ಳಿಗೆ ಓಡಿದರು, ಅಲ್ಲೂ ಮೊಟ್ಟೆ ಹುಡುಕಿಕೊಂಡು ತಿರುಗಿದರು. ಭ್ರೂಣದ ಒಂದು ಕೈಮೊಗ್ಗನ್ನು ಕತ್ತರಿಸಿದರೆ, ಅದನ್ನು ಮುಟ್ಟಬೇಕಿದ್ದ ನರಕೋಶಗಳು ಹುಟ್ಟುತ್ತವೆ, ಬೆಳೆಯತೊಡಗುತ್ತವೆ, ಆಮೇಲೆ ಸಾಯುತ್ತವೆ ಎಂಬುದು ಅವರ ಕಣ್ಣಿಗೆ ಬಿತ್ತು. ಎದುರು ತುದಿಯಿಂದ "ನೀನು ಬದುಕು" ಎಂಬ ರಾಸಾಯನಿಕ ಸಂದೇಶ ಬಂದರಷ್ಟೇ ಆ ಕೋಶಕ್ಕೆ ಬಾಳು! ಯುದ್ಧದ ನಂತರ ಅಮೆರಿಕಕ್ಕೆ ಹೋಗಿ ಆ ಸಂದೇಶದ ವಸ್ತುವನ್ನೇ ಹಿಡಿದರು. 1986ರಲ್ಲಿ ಸ್ಟ್ಯಾನ್ಲಿ ಕೋಹೆನ್ ಜೊತೆ ನೊಬೆಲ್! ಬದುಕಿದ್ದು? 103 ವರ್ಷ! ಮುಸೊಲಿನಿಯ ಕಾನೂನಿಗೆ ಇದಕ್ಕಿಂತ ಚೆನ್ನಾದ ಉತ್ತರ ನನಗಂತೂ ಹೊಳೆಯುವುದಿಲ್ಲ.

ಹುಟ್ಟುವ ಮೊದಲಿನ ಈ ಮೆದುಳನ್ನು ಕಣ್ಣಾರೆ ನೋಡಬೇಕೇ? ಅದಕ್ಕೆ ದೂರ ಹೋಗಬೇಕಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಐಐಟಿ ಮದ್ರಾಸ್‌ನ ಮೆದುಳು ಕೇಂದ್ರ "ಧರಣಿ" ಎಂಬ ನಕ್ಷೆಯನ್ನು ಬಿಡುಗಡೆ ಮಾಡಿತು. ಗರ್ಭದ 14ರಿಂದ 24 ವಾರಗಳ ನಡುವಿನ ಐದು ಮೆದುಳುಗಳು. 5,132 ತೆಳು ಸೀಳುಗಳು! ಒಂದೊಂದು ಕೋಶವೂ ಕಾಣುವಷ್ಟು ಸ್ಪಷ್ಟ! ಕೇಂದ್ರದ ಹೆಸರು ಸುಧಾ ಗೋಪಾಲಕೃಷ್ಣನ್. ನಮ್ಮ ಬೆಂಗಳೂರಿನ ಇನ್ಫೋಸಿಸ್ ಕಟ್ಟಿದವರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ನೆರವಿನಿಂದ ನಡೆಯುತ್ತಿದೆ. ಜಗತ್ತಿನ ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು.

ಮುಂದಿನ ಪ್ರಶ್ನೆ. ಅಭಿಮನ್ಯು ತಾಯಿಯ ಹೊಟ್ಟೆಯಲ್ಲೇ ಚಕ್ರವ್ಯೂಹದ ಕಥೆ ಕೇಳಿಸಿಕೊಂಡ ಎನ್ನುತ್ತಾರಲ್ಲ, ವಿಜ್ಞಾನ ಏನು ಹೇಳುತ್ತದೆ?

ವ್ಯೂಹ ಭೇದಿಸುವ ವಿದ್ಯೆ ಗೊತ್ತಾಗದು. ಆದರೆ ಕಥೆ ಕೇಳಿಸುತ್ತದೆ! ನೆನಪೂ ಉಳಿಯುತ್ತದೆ!

1986ರಲ್ಲಿ ಪ್ರಕಟವಾದ ಪ್ರಯೋಗ. ಆಂಥೊನಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ ಗರ್ಭಿಣಿಯರಿಗೆ ಒಂದು ಕೆಲಸ ಕೊಟ್ಟರು: ಕೊನೆಯ ಆರು ವಾರ, ದಿನಕ್ಕೆ ಎರಡು ಸಲ, ಒಂದೇ ಮಕ್ಕಳ ಕಥೆಯನ್ನು ಗಟ್ಟಿಯಾಗಿ ಓದಿ. ಹೆರಿಗೆಯಾಯಿತು. ಎರಡು ಮೂರು ದಿನದ ಕೂಸಿನ ಬಾಯಿಗೆ ಕೃತಕ ಮೊಲೆತೊಟ್ಟು ಇಟ್ಟರು. ಒಂದು ರೀತಿ ಚೀಪಿದರೆ ಹಳೆಯ ಕಥೆ ಕೇಳಿಸುತ್ತದೆ, ಇನ್ನೊಂದು ರೀತಿ ಚೀಪಿದರೆ ಹೊಸದು. ಕೂಸುಗಳು ಯಾವುದನ್ನು ಆರಿಸಿದವು? ಹಳೆಯದನ್ನು! ಅಮ್ಮನ ಬದಲು ಬೇರೆ ಹೆಂಗಸು ಓದಿದಾಗಲೂ ಹಳೆಯದನ್ನೇ!

ಅಷ್ಟೇ ಅಲ್ಲ, ಹುಟ್ಟಿ ವಾರವೂ ಆಗದ ಕೂಸು ಅಳುವುದು ಯಾವ ಭಾಷೆಯಲ್ಲಿ? ನಗಬೇಡಿ! ಜರ್ಮನಿಯ ಕ್ಯಾಥ್ಲೀನ್ ವರ್ಮ್ಕೆ ತಂಡ 2009ರಲ್ಲಿ 60 ಕೂಸುಗಳ ಅಳುವನ್ನು ಅಳೆದು ನೋಡಿತು. ಫ್ರೆಂಚ್ ತಾಯಂದಿರ ಮಕ್ಕಳ ಅಳು ತಗ್ಗಿನಿಂದ ಏರುತ್ತದೆ. ಜರ್ಮನ್ ಮಕ್ಕಳದ್ದು ಮೇಲಿನಿಂದ ಇಳಿಯುತ್ತದೆ. ಆಯಾ ಭಾಷೆಯ ಮಾತಿನ ಧಾಟಿಯಂತೆಯೇ! ಹೊಟ್ಟೆಯೊಳಗೆ ಶಬ್ದ ಮಸುಕು, ಆದರೆ ರಾಗ ಸಿಗುತ್ತದೆ.

ಕೂಸು ಹೊರಬಂತು. ಈಗ ವೇಗ ನೋಡಿ. ಹುಟ್ಟಿದ ಹೊಸದರಲ್ಲಿ ಮೆದುಳು ದಿನಕ್ಕೆ ಶೇಕಡಾ 1ರಷ್ಟು ಹಿಗ್ಗುತ್ತದೆ. ಮೂರು ತಿಂಗಳಲ್ಲಿ ಶೇಕಡಾ 64! ಬಾಣಂತನ ಮುಗಿಯುವುದರೊಳಗೆ!

ಒಳಗಿನ ಸಂಗತಿಯಂತೂ ಇನ್ನೂ ಜೋರು. ಮೊದಲ ಕೆಲವು ವರ್ಷ, ನರಕೋಶಗಳ ನಡುವೆ ಸೆಕೆಂಡಿಗೆ ಎಷ್ಟು ಹೊಸ ಸಂಪರ್ಕ? ಹಾರ್ವರ್ಡ್‌ನ ಮಕ್ಕಳ ಬೆಳವಣಿಗೆ ಕೇಂದ್ರದ ಅಂದಾಜು ಹತ್ತು ಲಕ್ಷ! ಸೆಕೆಂಡಿಗೆ!

ಷಿಕಾಗೋದ ಪೀಟರ್ ಹಟನ್‌ಲೋಕರ್ ಎಂಬ ಮಕ್ಕಳ ನರವೈದ್ಯರು ಈ ಸಂಪರ್ಕಗಳನ್ನು, ಅಂದರೆ ಸಿನಾಪ್ಸ್‌ಗಳನ್ನು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕೂತು ಎಣಿಸಿದರು. ಬೇರೆ ಬೇರೆ ವಯಸ್ಸಿನಲ್ಲಿ ತೀರಿಕೊಂಡವರ ಮೆದುಳು. 1979ರಲ್ಲಿ ಫಲಿತಾಂಶ ಬಂತು. ಹಣೆಯ ಹಿಂದಿನ ಮೆದುಳಿನಲ್ಲಿ ಅತಿ ದಟ್ಟ ಸಂಪರ್ಕ ಇದ್ದದ್ದು ಪ್ರೊಫೆಸರರಿಗಲ್ಲ, ಒಂದೆರಡು ವರ್ಷದ ಮಕ್ಕಳಿಗೆ! ದೊಡ್ಡವರಿಗಿಂತ ಅರ್ಧದಷ್ಟು ಹೆಚ್ಚು! ಆಮೇಲೆ ಹದಿನಾರರವರೆಗೂ ಇಳಿಮುಖ!

ಈ ಸಂಪರ್ಕಗಳೂ ಹೊಲದ ನಡುವಿನ ಕಾಲುದಾರಿಗಳ ಹಾಗೆ. ಜನ ನಡೆದದ್ದು ಗಟ್ಟಿಯಾಗಿ ಉಳಿಯುತ್ತದೆ, ನಡೆಯದ್ದರ ಮೇಲೆ ಹುಲ್ಲು ಬೆಳೆಯುತ್ತದೆ.

ಅಳಿಸುವವರು ಯಾರು? ಇದು ನನಗೆ ಬಹಳ ಇಷ್ಟವಾದ ಭಾಗ. ಮೈಕ್ರೊಗ್ಲಿಯಾ ಎಂಬ ಕೋಶಗಳಿವೆ. ಇವು ಮೆದುಳಿನ ಕಾವಲುಗಾರರು. ಕೆಲಸವಿಲ್ಲದ ಸಂಪರ್ಕ ಕಂಡರೆ ತಿಂದೇಬಿಡುತ್ತವೆ! ಗುಳುಂ! ಬಾಸ್ಟನ್ನಿನ ಬೆತ್ ಸ್ಟೀವನ್ಸ್ ತಂಡ 2012ರಲ್ಲಿ ಇಲಿಮರಿಗಳಲ್ಲಿ ಇದನ್ನು ತೋರಿಸಿತು. ಈ ಕಾವಲುಗಾರರು ಮೆದುಳಿನ ಮಕ್ಕಳೂ ಅಲ್ಲ! ಭ್ರೂಣದ ಹೊರಗಿನ ಪುಟ್ಟ ಚೀಲದಲ್ಲಿ ಹುಟ್ಟಿ, ರಕ್ತದೊಡನೆ ಹರಿದು ಬಂದು, ಇನ್ನೂ ಕಟ್ಟುತ್ತಿರುವ ಮೆದುಳಿನಲ್ಲಿ ಬೀಡುಬಿಟ್ಟ ಪರವೂರಿನವರು!

ಅಳಿಸುವಾಟಕ್ಕೆ ಒಂದು ಪುರಾವೆ ನಿಮ್ಮ ನಾಲಿಗೆಯ ಮೇಲೇ ಇದೆ. ಬಾಯಿಬಿಟ್ಟು ಹೇಳಿ: ತ. ಈಗ: ಟ. ವ್ಯತ್ಯಾಸ ಕೇಳಿಸಿತೇ? ಕೇಳಿಸದೇ ಏನು, ತಾತ ಬೇರೆ, ಟಾಟಾ ಬೇರೆ!

ಇಂಗ್ಲಿಷ್ ಮನೆಮಾತಿನ ದೊಡ್ಡವರಿಗೆ ಕೇಳಿಸಿ ನೋಡಿ. ಬಹುತೇಕರಿಗೆ ಎರಡೂ ಒಂದೇ! ಆದರೆ ಅವರ ಎಳೆಗೂಸುಗಳಿಗೆ?

ಕೆನಡಾದ ಜಾನೆಟ್ ವರ್ಕರ್ ಪರೀಕ್ಷಿಸಿದ್ದು ಇದನ್ನೇ. ಆರಿಸಿಕೊಂಡದ್ದು ಹಿಂದಿಯ ತ ಮತ್ತು ಟ. ಕೂಸನ್ನು ಅಮ್ಮನ ತೊಡೆಯ ಮೇಲೆ ಕೂರಿಸಿ ತ, ತ, ತ ಎಂದು ಕೇಳಿಸುತ್ತಾರೆ. ನಡುವೆ ಥಟ್ಟನೆ ಟ! ಬದಲಾವಣೆ ಗುರುತಿಸಿ ತಲೆ ತಿರುಗಿಸಿದರೆ ಪಕ್ಕದಲ್ಲೊಂದು ಆಟಿಕೆ ಪ್ರಾಣಿಗೆ ದೀಪ ಹತ್ತಿ ಕುಣಿಯುತ್ತದೆ. ಆರರಿಂದ ಎಂಟು ತಿಂಗಳ ಇಂಗ್ಲಿಷ್ ಮನೆಯ ಕೂಸುಗಳು ತಲೆ ತಿರುಗಿಸಿದವು! ಹಿಂದಿಯ ಗಂಧವೇ ಇಲ್ಲದ ಮನೆಗಳಲ್ಲಿ! ಹತ್ತರಿಂದ ಹನ್ನೆರಡು ತಿಂಗಳಿನವು? ಬಹುತೇಕ ಸುಮ್ಮನೆ ಕೂತವು. ಹಿಂದಿ ಮನೆಯ ಮಕ್ಕಳು ಮಾತ್ರ ಆ ವಯಸ್ಸಿನಲ್ಲೂ ತಿರುಗಿಸುತ್ತಿದ್ದವು. ನಾಲ್ಕೇ ತಿಂಗಳಲ್ಲಿ ಒಂದು ಬಾಗಿಲು ಮುಚ್ಚುತ್ತ ಬಂದಿತ್ತು!

ತಡೆಯಬಹುದೇ? ಸಿಯಾಟಲ್‌ನ ಪೆಟ್ರೀಷಿಯಾ ಕುಲ್ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಮ್ಯಾಂಡರಿನ್ ಕೇಳಿಸಿದರು. ಹನ್ನೆರಡು ಸಲ, ಪ್ರತಿ ಸಲ ಸುಮಾರು 25 ನಿಮಿಷ. ಮಾತಾಡುವವರು ಎದುರಿಗೇ ಕೂತು ಪುಸ್ತಕ ಓದಿದರು, ಆಟ ಆಡಿಸಿದರು. ಕೂಸುಗಳು ಮ್ಯಾಂಡರಿನ್ ಧ್ವನಿಗಳನ್ನು ಗಟ್ಟಿ ಹಿಡಿದವು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಪುಸ್ತಕ, ಅಷ್ಟೇ ಹೊತ್ತು. ಆದರೆ ಟಿವಿಯಲ್ಲಿ. ಕಲಿತದ್ದು ಎಷ್ಟು?

ಸೊನ್ನೆ!

ಊಟ ಮಾಡಿಸುವಾಗ ಮಗುವಿನ ಮುಂದೆ ಮೊಬೈಲ್ ಹಿಡಿಯುವವರು ಈ ಸೊನ್ನೆಯನ್ನು ಇನ್ನೊಮ್ಮೆ ನೋಡಿ.

ಹಾಗಾದರೆ ಮುಚ್ಚಿದ ಬಾಗಿಲು ಮುಚ್ಚಿದ್ದೇ? ಇಲ್ಲೂ ಒಂದು ಸಿಹಿ ಆಶ್ಚರ್ಯ ಕಾದಿದೆ. ಅದು ನಡೆದದ್ದು ದೆಹಲಿಯಲ್ಲಿ.

ಆದರೆ ಕಥೆಯ ಬೇರು ಹಳೆಯದು. 1688ರಲ್ಲಿ ಐರ್ಲೆಂಡಿನ ವಿಲಿಯಂ ಮಾಲಿನೊ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಒಗಟು ಬರೆದು ಕಳಿಸಿದ. ಹುಟ್ಟುಕುರುಡನೊಬ್ಬ ಗೋಳ ಯಾವುದು, ಘನ ಯಾವುದು ಎಂದು ಮುಟ್ಟಿ ತಿಳಿದಿದ್ದಾನೆ. ಥಟ್ಟನೆ ಕಣ್ಣು ಬಂದರೆ, ಮುಟ್ಟದೆ ಬರಿಗಣ್ಣಿನಲ್ಲೇ ಗುರುತಿಸುತ್ತಾನೆಯೇ? ನೀವೇನು ಹೇಳುತ್ತೀರಿ? ಮೂರು ಶತಮಾನ ಚರ್ಚೆ ನಡೆಯಿತು!

ಉತ್ತರ ಕೊಟ್ಟದ್ದು ನಮ್ಮ ದೇಶದ ಐವರು ಮಕ್ಕಳು. ಎಂಐಟಿಯ ಪವನ್ ಸಿನ್ಹಾ ಭಾರತದಲ್ಲಿ ನಡೆಸುವ "ಪ್ರಕಾಶ್" ಯೋಜನೆ, ಹುಟ್ಟಿನಿಂದ ದೃಷ್ಟಿಯಿಲ್ಲದೆ ಬೆಳೆದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಹಾಗೆ ಕಣ್ಣು ಪಡೆದ, 8ರಿಂದ 17 ವರ್ಷದ ಐವರಿಗೆ ಪಟ್ಟಿ ಬಿಚ್ಚಿದ ಕೂಡಲೇ ಆಟಿಕೆಯ ಆಕಾರಗಳನ್ನು ಕೊಟ್ಟರು. ಮುಟ್ಟಿ ನೋಡಿದ್ದನ್ನು ಕಣ್ಣಿನಿಂದ ಗುರುತಿಸಬಲ್ಲರೇ? ಇಲ್ಲ! ಹೆಚ್ಚುಕಡಿಮೆ ಬರೀ ಊಹೆ! ಆದರೆ ಕೆಲವೇ ದಿನ ಬಿಟ್ಟು ಮತ್ತೆ ಪರೀಕ್ಷಿಸಿದ ಮಕ್ಕಳು? ಗುರುತಿಸಿದರು! ವರ್ಷಗಟ್ಟಲೆ ಆಕಾರವನ್ನೇ ಕಾಣದ ಮೆದುಳು ದಿನಗಳಲ್ಲಿ ಕಲಿಯಿತು! ಅವರ ದೃಷ್ಟಿಯ ನವಿರು ಎಲ್ಲರಂತೆ ಪೂರ್ತಿ ಬರುವುದಿಲ್ಲ ನಿಜ, ಅದಕ್ಕೇ ಕೂಸಿನ ಕಣ್ಣಿನ ಪೊರೆಗೆ ಬೇಗ ಚಿಕಿತ್ಸೆ ಬೇಕು. ಆದರೂ ಐದಾರು ವರ್ಷ ಕಳೆದರೆ ಮುಗಿದೇಹೋಯಿತು ಎಂಬ ಹಳೆಯ ನಂಬಿಕೆ ಅಲುಗಿದ್ದು ಈ ಮಕ್ಕಳಿಂದ.

ಈಗ ಹದಿಹರೆಯ. ಬಾಗಿಲು ದಢಾರನೆ ಹಾಕಿಕೊಳ್ಳುವವರು!

2004ರಲ್ಲಿ ಅಮೆರಿಕದ ನಿತಿನ್ ಗೋಗ್ಟೆ ಮತ್ತು ಸಂಗಡಿಗರು 13 ಮಕ್ಕಳನ್ನು ಎರಡು ವರ್ಷಕ್ಕೊಮ್ಮೆ ಎಂಆರ್‌ಐಗೆ ಮಲಗಿಸಿ, ಬೆಳೆಯುವ ಮೆದುಳಿನ ಚಿತ್ರಸರಣಿ ಮಾಡಿದರು. ಕಂಡದ್ದೇನು? ಹೊರಪದರ ತೆಳ್ಳಗಾಗುತ್ತಿದೆ! ಹೆದರಬೇಡಿ, ಅದೇ ಬೆಳವಣಿಗೆ. ತೆಳ್ಳಗಾಗುವ ಅಲೆ ಬಹುಮಟ್ಟಿಗೆ ಹಿಂದಿನಿಂದ ಮುಂದಕ್ಕೆ ಸಾಗುತ್ತದೆ. ಹಣೆಯ ಹಿಂದೆ, ಮುಂದಾಲೋಚನೆ ಇರುವ ಜಾಗಕ್ಕೆ ಕೊನೆಯಲ್ಲಿ ತಲುಪುತ್ತದೆ. ಇದೇ ಹೊತ್ತಿನಲ್ಲಿ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಹೊದಿಕೆಯಿಲ್ಲದ ನರದಲ್ಲಿ ಸಂದೇಶ ಸೆಕೆಂಡಿಗೆ ಒಂದೆರಡು ಮೀಟರ್ ತೆವಳಿದರೆ, ಹೊದ್ದುಕೊಂಡ ಅತಿವೇಗದ ನರದಲ್ಲಿ ನೂರು ಮೀಟರ್! ಗಂಟೆಗೆ 360 ಕಿಲೋಮೀಟರ್!

ಹಾಗಾದರೆ ಹುಡುಗರಿಗೆ ಬುದ್ಧಿಯೇ ಇಲ್ಲವೇ? ಇದೆ! ಒಬ್ಬರೇ ಇದ್ದಾಗ! ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್ನರ್ 2005ರಲ್ಲಿ ಮೂರು ವಯೋಮಾನದವರಿಗೆ ಕಾರು ಓಡಿಸುವ ವಿಡಿಯೊ ಆಟ ಕೊಟ್ಟರು. ಒಂಟಿಯಾಗಿ ಆಡಿದಾಗ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಸ್ನೇಹಿತರನ್ನು ಪಕ್ಕದಲ್ಲಿ ಕೂರಿಸಿದರು ನೋಡಿ! 13ರಿಂದ 16ರವರ ದುಸ್ಸಾಹಸ ಗಗನಕ್ಕೆ! 24 ದಾಟಿದವರಲ್ಲಿ ಏನೂ ಬದಲಾವಣೆಯಿಲ್ಲ! ಬೈಕಿನ ಹಿಂದೆ ಗೆಳೆಯ ಕೂತಾಗಲೇ ಮಗ ವೀಲಿಂಗ್ ಮಾಡುವುದೇಕೆ ಎಂಬುದಕ್ಕೆ ಇಲ್ಲೊಂದು ಸುಳಿವಿದೆ.

ಅವರ ನಿದ್ದೆಯ ಗಡಿಯಾರವೂ ಜರುಗಿರುತ್ತದೆ. ನಿದ್ದೆ ತರುವ ಮೆಲಟೊನಿನ್ ರಾತ್ರಿ ತಡವಾಗಿ ಏರುತ್ತದೆ, ಬೆಳಗ್ಗೆ ತಡವಾಗಿ ಇಳಿಯುತ್ತದೆ. ಸೋಮಾರಿತನವಲ್ಲ, ಅದು ಶರೀರಧರ್ಮ. ಬೆಳಗಿನ ಆರು ಗಂಟೆಗೆ ಪಿಯುಸಿ ಟ್ಯೂಷನ್ ಇಡುವುದು ನನ್ನ ಪ್ರಕಾರ ಶುದ್ಧ ದಂಡ.

ಕೊನೆಯ ಪ್ರಶ್ನೆ. ಈ ಕಟ್ಟೋಣ ಮುಗಿಯುವುದು ಯಾವಾಗ? 18? ಕಾನೂನು ಹಾಗೆನ್ನುತ್ತದೆ. 25? ಅಂತರ್ಜಾಲದಲ್ಲೆಲ್ಲ ಅದೇ ಸಂಖ್ಯೆ. ಇನ್ನೂ ಮೇಲೆ ಹೋಗಿ!

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅಲೆಕ್ಸಾ ಮೌಸ್ಲಿ ಮತ್ತು ಸಂಗಡಿಗರು ಹಸುಗೂಸಿನಿಂದ ತೊಂಬತ್ತರ ಮುದುಕರವರೆಗೆ ಸುಮಾರು 3,800 ಜನರ ಮೆದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿದರು. 2025ರ ನವೆಂಬರ್‌ನಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೆದುಳಿನ ಒಳಜಾಲ ದಿಕ್ಕು ಬದಲಿಸುವ ನಾಲ್ಕು ತಿರುವುಗಳಿವೆ. ಮೊದಲನೆಯದು ಒಂಬತ್ತರ ಹೊತ್ತಿಗೆ. ಅಲ್ಲಿಂದ ಶುರುವಾಗುವ ಹದಿಹರೆಯದ ಘಟ್ಟ ಮುಗಿಯುವುದು?

32ರ ಹೊತ್ತಿಗೆ! ಇಡೀ ಬದುಕಿನ ಅತಿ ದೊಡ್ಡ ತಿರುವು ಅದೇ! ಇಪ್ಪತ್ತೆಂಟರವರೆಲ್ಲ ಹದಿಹರೆಯದವರಂತೆ ಆಡುತ್ತಾರೆ ಎಂದು ಇದರ ಅರ್ಥವಲ್ಲ ಎಂದು ಸಂಶೋಧಕರೇ ಎಚ್ಚರಿಸಿದ್ದಾರೆ. ನರಗಳ ಜಾಲ ಚುರುಕಾಗುತ್ತ ಸಾಗುವ ಧಾಟಿ ಮಾತ್ರ ಅಲ್ಲಿಯವರೆಗೂ ಒಂದೇ.

ಇನ್ನೊಂದು ಮಜಾ ಸಂಗತಿ. ನಮ್ಮ ಸಂವಿಧಾನದ ಪ್ರಕಾರ ಲೋಕಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು. ರಾಜ್ಯಸಭೆಗೆ 30. ರಾಷ್ಟ್ರಪತಿಯಾಗಲು 35. ಅದನ್ನು ಬರೆದವರು ಒಂದೇ ಒಂದು ಎಂಆರ್‌ಐ ಚಿತ್ರವನ್ನೂ ಕಂಡಿರಲಿಲ್ಲ!